ಸಹಿಯ ಸಾಲಿನಲ್ಲಿ ಎರಡು ಹೆಸರು

ಗೌರವ ಕೊಡುವುದರಲ್ಲಿ ನೀಲಾಂಬಿಕಾಳ ಕೈ ಸ್ವಲ್ಪ ದೊಡ್ಡದೇ. ಕುಷ್ಟಗಿ ಕಡೆಯ ಹುಡುಗಿ. ಅವರ ಮನೆಯಲ್ಲಿ ಹಬ್ಬದ ಮೊದಲ ಹೋಳಿಗೆ ಮಠಕ್ಕೆ, ಲಗ್ನಪತ್ರಿಕೆಯ ಮೊದಲ ಹೆಸರು ಕೆಲಸಕ್ಕೆ ಕೈ ಹಾಕದ ದೊಡ್ಡಪ್ಪನಿಗೆ. ಡಿಪ್ಲೊಮಾ ಓದುವಾಗ ತಾನು ಕಣ್ಣು ಕೆಂಪು ಮಾಡಿಕೊಂಡು ಮುಗಿಸಿದ ಪ್ರಾಜೆಕ್ಟಿನ ಮೇಲೆ, ಅದನ್ನು ತೆರೆದೂ ನೋಡದ ಎಚ್‌ಒಡಿ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದವಳು. ಯಾರೂ ತಪ್ಪು ಅನ್ನಲಿಲ್ಲ, ಹಾಕದಿದ್ದರೆ ಅನ್ನುತ್ತಿದ್ದರು. ಹೀಗಿರುವಾಗ ಅದೇ ಕೈ ಒಂದು ದಿನ ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಹಾಕುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಒಂದು ಬುಧವಾರ ಮಧ್ಯಾಹ್ನ. ಅತ್ತಿಗುಪ್ಪೆಯ ಡಿಟಿಪಿ ಅಂಗಡಿಯಲ್ಲಿ ಕೂತು ಯಾರದೋ ಮಗುವಿನ ನಾಮಕರಣದ ಕಾರ್ಡು ಜೋಡಿಸುತ್ತಿದ್ದಳು. ಅಂಗಡಿಯ ಫೋನು ಬಡಿದುಕೊಂಡಿತು. ಆ ಕಡೆ ಸ್ಪಂದನ, ಕೆಂಚಪ್ಪ ಸರ್ ನಡೆಸುವ ಭಾನುವಾರದ ಕಂಪ್ಯೂಟರ್ ಕ್ಲಾಸಿನ ಗೆಳತಿ.

“ನೀಲಾ, ಕೆಂಚಪ್ಪ ಸಾರ್‌ನ ಆಫೀಸಿಂದ ಮನೆಗೆ ಕಳಿಸ್ಬಿಟ್ಟಿದಾರೆ ಕಣೇ. ಐಡಿ ಕಾರ್ಡ್ ಇಸ್ಕೊಂಡು.”

“ಯಾಕಂತ?”

“ನಿನ್ ಪ್ಯಾಚ್‌ನಲ್ಲಿ ಅವ್ರ ಹೆಸರಿದೆಯಂತೆ. ನಾಳೆ ಹನ್ನೊಂದಕ್ಕೆ ವಿಚಾರಣೆ. ಯಾಕೆ ಹಾಕ್ದೆ ಅದನ್ನ?”

ನೀಲಾಂಬಿಕಾ ಅರ್ಧ ಆದ ಕಾರ್ಡನ್ನು ಹಾಗೇ ಬಿಟ್ಟು, ಮಾಲೀಕರಿಗೆ ತಲೆನೋವೆಂದು ಹೇಳಿ, ಕುರುಬರಹಳ್ಳಿಗೆ ಹೋಗುವ ಬಸ್ಸು ಹಿಡಿಯಲು ಓಡಿದಳು. ತಲೆನೋವು ಅಂದದ್ದು ಸುಳ್ಳೇನೂ ಅಲ್ಲ, ಬಸ್ಸು ವಿಜಯನಗರ ದಾಟುವಷ್ಟರಲ್ಲಿ ಅದೂ ಬಂತು.

ಕುರುಬರಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿ ಕೆಂಚಪ್ಪನವರ ಮನೆ. ತಾತನ ಕಾಲದಲ್ಲಿ ಅದು ರಾಗಿ ಹೊಲ. ಹೊಲ ಸೈಟಾಯಿತು, ಸೈಟಿನ ಮೇಲೆ ಕಟ್ಟಡ ಎದ್ದಿತು, ತಾತನ ಹೆಸರು ಹೊತ್ತ ಮೊಮ್ಮಗ ಸಾಫ್ಟ್‌ವೇರ್ ಇಂಜಿನಿಯರಾದ. ಗಿರಣಿಯ ಬಾಡಿಗೆ ಅಣ್ಣಂದಿರ ಪಾಲಿಗೆ ಹೋಗುತ್ತಿತ್ತು. ತಾಯಿ ಬೋರಮ್ಮ ಮತ್ತು ಮದುವೆಯಾಗದ ಕಿರಿಮಗ ಕೆಂಚಪ್ಪ, ಇಬ್ಬರ ಮನೆ ನಡೆಯುತ್ತಿದ್ದದ್ದು ಅವರ ಸಂಬಳದಲ್ಲಿ. ಕೆಂಚಪ್ಪ ಎಂಬ ಹೆಸರಿಗೆ ನಾಲಿಗೆ ಹೊರಳದ ಆಫೀಸಿನವರು ಅವರನ್ನು ‘ಕೆನ್’ ಮಾಡಿಟ್ಟಿದ್ದರು. ಬ್ಯಾಂಕಿಗೆ ಫೋನು ಮಾಡಿದರೆ ನಿಮ್ಮ ಖಾತೆಯಲ್ಲಿ ಇಷ್ಟಿದೆ ಎಂದು ಹೇಳುವ ಯಂತ್ರದ ದನಿ ಇರುತ್ತದಲ್ಲ, ಆ ಅಂಕಿ ಓದಿಸುವುದೇ ಅವರ ಕೆಲಸ.

ಭಾನುವಾರ ಬೆಳಿಗ್ಗೆ ಮಾತ್ರ ಅವರು ಕೆಂಚಪ್ಪನೇ. ಮನೆಯ ಹಾಲ್‌ನಲ್ಲಿ ಹಳೆಯ ಕಂಪ್ಯೂಟರುಗಳನ್ನಿಟ್ಟು, ಬಂದ ಹುಡುಗ ಹುಡುಗಿಯರಿಗೆ ‘ಉಲಿ’ಯಂಥ ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆದು ಕಳಿಸುವ ರೀತಿ ನೀತಿ ಕಲಿಸುತ್ತಿದ್ದರು. ಉಲಿ ಅಂದರೆ ಕಣ್ಣು ಕಾಣದವರಿಗೆ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಪ್ರೋಗ್ರಾಮು. ಅದು ಯಾವ ಕಂಪನಿಯದೂ ಅಲ್ಲ. ಹುಬ್ಬಳ್ಳಿಯ ಅಂಧ ಮಕ್ಕಳ ಶಾಲೆಯ ಯಲ್ಲಪ್ಪ ಮಾಸ್ತರರು, ತಾವೂ ಕಣ್ಣಿಲ್ಲದವರು, ಶುರು ಮಾಡಿದ್ದು. ಯಾರು ಬೇಕಾದರೂ ಅದರ ಒಳಗನ್ನು ತೆರೆದು ನೋಡಬಹುದು, ಹರಿದಲ್ಲಿ ತೇಪೆ ಹಾಕಬಹುದು. ಆ ತೇಪೆಗೇ ಪ್ಯಾಚ್ ಅನ್ನುವುದು. ಅದನ್ನು ಎಲ್ಲರಿಗೂ ಕಾಣುವ ಮೇಲಿಂಗ್ ಲಿಸ್ಟಿಗೆ, ಅಂದರೆ ಇಮೇಲ್ ಗುಂಪಿಗೆ, ಕಳಿಸಬೇಕು. ಅಲ್ಲಿ ಹತ್ತಾರು ಜನ ಮೂಗು ಮುರಿದು ಮುಗಿಸಿದ ಮೇಲೆ ಮಾಸ್ತರರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಮ್ಮೆ ಅಲ್ಲಿ ಬಿದ್ದ ಪತ್ರವನ್ನು ಬ್ರಹ್ಮ ಬಂದರೂ ಅಳಿಸಲಾರ.

ಉಲಿಗೆ ಕೋಡ್ ಕಳಿಸುವವರು ಪಾಲಿಸಬೇಕಾದ ನಿಯಮಗಳನ್ನು ಕೆಂಚಪ್ಪನವರೇ ಕನ್ನಡದಲ್ಲಿ ಬರೆದು ಹಾಲ್‌ನ ಗೋಡೆಗೆ, ಬೋರಮ್ಮನ ಮಂಜುನಾಥಸ್ವಾಮಿ ಫೋಟೋದ ಕೆಳಗೆ ಅಂಟಿಸಿದ್ದರು. ಒಂದು ಪ್ಯಾಚ್, ಒಂದೇ ಕೆಲಸ. ನೀನೇ ಓಡಿಸಿ ನೋಡದ್ದನ್ನು ಇನ್ನೊಬ್ಬರಿಗೆ ಕಳಿಸಬೇಡ. ಬೈದರೆ ಬೈದದ್ದು ಕೋಡಿಗೆ, ನಿನಗಲ್ಲ. ಎಲ್ಲಕ್ಕಿಂತ ಕೆಳಗಿನದನ್ನು ಅವರು ಪ್ರತಿ ಭಾನುವಾರ ಬಾಯಿಬಿಟ್ಟು ಓದಿಸುತ್ತಿದ್ದರು: ಬರೆದವರೇ ಸಹಿ ಹಾಕಬೇಕು, ಸಹಿ ಎಂದರೆ, ಇದು ನಾನು ಬರೆದದ್ದು, ಕೊಡುವ ಹಕ್ಕು ನನಗಿದೆ, ನಾಳೆ ಯಾರು ಕೇಳಿದರೂ ಉತ್ತರ ನಾನೇ ಕೊಡುತ್ತೇನೆ.

ನೀಲಾಂಬಿಕಾ ಅದನ್ನೂ ಎಲ್ಲರಿಗಿಂತ ಗಟ್ಟಿಯಾಗಿ ಓದುತ್ತಿದ್ದಳು. ಓದಿದ್ದೆಲ್ಲ ತಲೆಗಿಳಿಯುವ ಹಾಗಿದ್ದರೆ ಲೋಕದಲ್ಲಿ ಇಷ್ಟು ಕಷ್ಟ ಯಾಕಿರುತ್ತಿತ್ತು?

ಅವಳು ಹಿಡಿದ ಕೆಲಸ ಅಂಕಿಗಳದ್ದು. ಇಸವಿ ಬಂದರೆ ಉಲಿ ‘ಒಂದು ಒಂಬತ್ತು ಐದು ಆರು’ ಎಂದು ಫೋನ್ ನಂಬರಿನ ಹಾಗೆ ಒದರುತ್ತಿತ್ತು. ಅದನ್ನು ಮನುಷ್ಯರ ಹಾಗೆ ‘ಸಾವಿರದ ಒಂಬೈನೂರ ಐವತ್ತಾರು’ ಅನ್ನಿಸಬೇಕು. ಯುಗಾದಿಗೆ ಶುರು ಮಾಡಿದ್ದು ದಸರೆಯ ಹತ್ತಿರ ಮುಗಿಯಿತು. ಎಷ್ಟು ಸಲ ಕಳಿಸಿದಳೋ ಅಷ್ಟು ಸಲ ವಾಪಸು ಬಂತು. ವಿಚಿತ್ರವೆಂದರೆ, ಉಳಿದ ಎಲ್ಲದಕ್ಕೂ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ ಸರ್, ಅವಳು ಅಂಕಿಯ ಪ್ರಶ್ನೆ ಎತ್ತಿದರೆ ಸಾಕು, “ಕಾಫಿ ಆಯ್ತೇನೋ ನೋಡ್ತೀನಿ” ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಉತ್ತರ ಗೊತ್ತಿದ್ದೂ ಹೇಳದೆ, ತಾನೇ ತಡಕಾಡಿ ಕಂಡುಕೊಳ್ಳಲಿ ಎಂದು ಬಿಡುವುದಿದೆಯಲ್ಲ, ಇಂಥ ಗುರು ಎಲ್ಲಿ ಸಿಗುತ್ತಾನೆ ಎಂದು ನೀಲಾಂಬಿಕಾಳ ಕಣ್ಣು ತುಂಬಿಬಂದಿತ್ತು. ಆ ಭಕ್ತಿಯಲ್ಲೇ ಕೊನೆಯ ಪ್ಯಾಚಿನ ಸಹಿಯ ಸಾಲಿನಲ್ಲಿ ಮೊದಲು ಅವರ ಪೂರ್ತಿ ಹೆಸರು, ಕೆಳಗೆ ತನ್ನದು ಹಾಕಿ ಕಳಿಸಿದಳು. ಯಲ್ಲಪ್ಪ ಮಾಸ್ತರರು ಒಪ್ಪಿದರು. ಲಿಸ್ಟಿನ ತುಂಬ ಶಹಬ್ಬಾಸ್‌ಗಿರಿ ಸುರಿಯಿತು.

ಬಸ್ಸಿಳಿದು ಓಡಿಬಂದವಳಿಗೆ ಬಾಗಿಲು ತೆಗೆದದ್ದು ಬೋರಮ್ಮ. ಕೈಯಲ್ಲೇ ಒಳಗೆ ತೋರಿಸಿದರು. ಕೆಂಚಪ್ಪ ಹಾಲ್‌ನಲ್ಲಿ ಆರಿಸಿಟ್ಟ ಕಂಪ್ಯೂಟರಿನ ಎದುರು ಕೂತಿದ್ದರು. ವಾರದ ನಡುವೆ, ಮಟಮಟ ಮಧ್ಯಾಹ್ನ, ಇಸ್ತ್ರಿ ಅಂಗಿಯಲ್ಲಿ ಮನೆಯಲ್ಲಿ ಕೂತ ಅವರನ್ನು ನೋಡಿಯೇ ಅವಳಿಗೆ ಅಳು ಬಂತು.

“ಸರ, ನಾ ಏನ್ ತಪ್ಪು ಮಾಡೀನಿ ಅನ್ನೋದ ತಿಳೀವಲ್ದು ನನಗ,” ಎಂದಳು.

ಕೆಂಚಪ್ಪ ಬಿಡಿಸಿ ಹೇಳಿದರು. ಕೆಲಸಕ್ಕೆ ಸೇರುವಾಗ ಅವರು ಒಂದು ಕರಾರಿಗೆ ಸಹಿ ಹಾಕಿದ್ದರು. ಯಂತ್ರಕ್ಕೆ ಮಾತು ಕಲಿಸುವ ವಿಷಯದಲ್ಲಿ ಅವರು ಎಲ್ಲಿ ಕೂತು, ಯಾವ ಹೊತ್ತಿನಲ್ಲಿ ಏನು ಬರೆದರೂ ಅದು ಕಂಪನಿಯ ಸ್ವತ್ತು. ಅದಕ್ಕೇ ಇಷ್ಟು ವರ್ಷ ಉಲಿಗೆ ಒಂದು ಸಾಲೂ ಬರೆದಿರಲಿಲ್ಲ. ಅದಕ್ಕೇ ಅಂಕಿಯ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದದ್ದು. ಈಗ ಸಹಿಯ ಸಾಲಿನಲ್ಲಿ ಅವರ ಹೆಸರಿದೆ. ನೌಕರರ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕುವುದನ್ನೇ ಕೆಲಸ ಮಾಡಿಕೊಂಡವನೊಬ್ಬನ ಕಣ್ಣಿಗೆ ಅದು ಬಿದ್ದಿದೆ.

“ನಾನೇ ಬರೆದಿದ್ದು ಅಂತ ಅವ್ರು ತೀರ್ಮಾನ ಮಾಡಿದ್ರೆ ನನ್ ಕೆಲಸ ಹೋಗುತ್ತೆ. ಆ ಕೋಡ್ ಕಂಪನೀದು ಅಂತಾಗುತ್ತೆ. ಆಮೇಲೆ ಯಲ್ಲಪ್ಪೋರಿಗೂ ನೋಟಿಸ್ ಹೋಗುತ್ತೆ.”

ನೀಲಾಂಬಿಕಾಳಿಗೆ ಈಗ ತಿಳಿಯಿತು. ತಾನು ದೊಡ್ಡ ಗುರುತನ ಎಂದು ತಿಳಿದು ಕಣ್ಣೊರೆಸಿಕೊಂಡದ್ದು, ಒಬ್ಬ ಮನುಷ್ಯ ಹೆದರಿಕೊಂಡು ಎದ್ದು ಹೋಗುತ್ತಿದ್ದದ್ದನ್ನು ನೋಡಿ.

“ಈಗಿಂದೀಗ ಲಿಸ್ಟಿಗೆ ಬರೀತೀನ್ರಿ ಸರ. ಎಲ್ಲಾ ನಾನ ಬರದದ್ದು, ಸರ್‌ಗೆ ಇದರ ಬಗ್ಗೆ ಏನೂ ಗೊತ್ತಿರಲಿಲ್ಲ ಅಂತ ಬರದುಬಿಡ್ತೀನಿ,” ಎನ್ನುತ್ತಾ ಕಂಪ್ಯೂಟರಿನ ಗುಂಡಿ ಒತ್ತಿದಳು. ಮೋಡೆಮ್ ಕೀರಲುಗುಟ್ಟಿ ಸುಮ್ಮನಾಯಿತು. ಅವಳು ಟೈಪು ಮಾಡತೊಡಗಿದಳು. ಎರಡನೆಯ ಸಾಲಿಗೆ ಬರುತ್ತಿದ್ದಂತೆ ಕೆಂಚಪ್ಪ ಕೈ ಚಾಚಿ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು.

“ಆ ಸಾಲು ಬೇಡ.”

“ಯಾಕ್ರಿ? ಖರೇನ ಐತಲ್ರಿ. ನಿಮಗ ಗೊತ್ತಿರಲಿಲ್ಲ.”

“ಗೊತ್ತಿತ್ತು.”

ಅಡುಗೆಮನೆಯಲ್ಲಿ ಬೋರಮ್ಮನ ಪಾತ್ರೆಯ ಸದ್ದು ನಿಂತಿತು.

“ನೀನು ಕಳಿಸಿದ್ ದಿನಾನೇ ನೋಡ್ದೆ,” ಅಂದರು ಕೆಂಚಪ್ಪ, ಗೋಡೆಯ ಕಡೆ ನೋಡುತ್ತ. “ಆಫೀಸ್ ಬಸ್ಸಿಗೆ ಹೊರಟಿದ್ದೆ. ಆಗ್ಲೇ ಯಲ್ಲಪ್ಪೋರಿಗೆ ಬರೀಬೇಕಿತ್ತು, ನನ್ ಹೆಸರು ತೆಗೀರಿ ಅಂತ. ನಾಳೆ ಬರಿಯೋಣ ಅಂದ್ಕೊಂಡೆ. ನಾಳೆ ಬಂತು, ನಾಡಿದ್ದು ಅಂದ್ಕೊಂಡೆ.”

“ಯಾಕ್ರಿ ಸರ?”

“ಕಾಲೇಜ್ ಮುಗಿಸ್ದಾಗಿಂದ ಬರೀತಾನೇ ಇದೀನಿ ನೀಲಾ. ಅರ್ಧ ದೇಶ ನನ್ ಕೋಡ್ ಕೇಳಿಸ್ಕೊಳುತ್ತೆ. ಎಲ್ಲೂ ನನ್ ಹೆಸರಿಲ್ಲ. ಇರೋ ಕಡೆ ಕೆನ್. ಅಲ್ಲಿ ಕೆಂಚಪ್ಪ ಅಂತ ಇತ್ತು. ಪೂರ್ತಿಯಾಗಿ. ದಿನಾ ಒಂದ್ಸಲ ತೆಗೆದು ನೋಡ್ತಾ ಇದ್ದೆ. ಒಂದಕ್ಷರ ಬರೀದೇ ಇರೋ ಕೋಡ್ ಮೇಲೆ ನನ್ ಹೆಸರು ನೋಡ್ಕೊಂಡು ಖುಷಿ ಪಡ್ತಾ ಇದ್ದೆ.”

ನೀಲಾಂಬಿಕಾಳಿಗೆ ಮೊದಲು ಸಿಟ್ಟು ಬಂತು. ವಾರ ವಾರ ಗೋಡೆ ತೋರಿಸಿ ಓದಿಸಿದವರು ಇವರೇ ಅಲ್ಲವೇ? ಆ ಸಿಟ್ಟು ಅವರ ಮುಖ ನೋಡಿದ ಮೇಲೆ ಉಳಿಯಲಿಲ್ಲ. ತನ್ನ ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಕೂತಿದ್ದರು. ಆ ಹೆಸರಿನ ಬೆಲೆ ಗೊತ್ತಿಲ್ಲದೆ ಕೊಟ್ಟವಳು ತಾನು. ಗೊತ್ತಿದ್ದೂ ಇಟ್ಟುಕೊಂಡವರು ಅವರು.

“ಆದ್ರ ನಾಳೆ ಅವರು ಕೇಳಿದ್ರ ಗೊತ್ತಿರಲಿಲ್ಲ ಅನ್ರಿ,” ಎಂದಳು ಮೆಲ್ಲಗೆ. “ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

ಕೆಂಚಪ್ಪ ಕೀಬೋರ್ಡನ್ನು ಅವಳ ಕಡೆ ತಳ್ಳಿದರು. “ನೀನು ಮಾಡಿದ್ದು ಏನೋ ಅಷ್ಟನ್ನ ಮಾತ್ರ ಬರಿ. ನನ್ನದನ್ನ ನಾನು ನೋಡ್ಕೋತೀನಿ.”

ಅವಳು ಅಷ್ಟನ್ನೇ ಬರೆದಳು: ಈ ಪ್ಯಾಚ್ ಪೂರ್ತಿ ನನ್ನದು, ಗೌರವಕ್ಕೆಂದು ಗುರುಗಳ ಹೆಸರು ಸೇರಿಸಿದೆ, ಅವರನ್ನು ಕೇಳಲಿಲ್ಲ, ಅದು ತಪ್ಪು. ಕಳಿಸಿದ ಮೇಲೆ ಅಲ್ಲೇ ಕೂತಳು. ಬೋರಮ್ಮ ತಂದಿಟ್ಟ ಕಾಫಿ ಕೆನೆಗಟ್ಟಿತು. ಯಲ್ಲಪ್ಪ ಮಾಸ್ತರರ ಉತ್ತರ ಬರಲು ಹೊತ್ತು ಹಿಡಿಯಿತು. ಅವರು ಪತ್ರವನ್ನು ಕಿವಿಯಿಂದ ಓದುವವರು, ಎರಡೆರಡು ಸಲ ಕೇಳಿಸಿಕೊಳ್ಳುವವರು.

‘ನೀಲಾಂಬಿಕಾ ಅವರೇ, ಬರೆಯದವರ ಸಹಿ ಇದ್ದ ಪ್ಯಾಚನ್ನು ಉಲಿಯಿಂದ ಈಗಷ್ಟೇ ತೆಗೆದಿದ್ದೇನೆ. ಎರಡು ಸಹಿ ಬಿದ್ದ ಮೇಲೆ ಅದು ಯಾರ ಸ್ವತ್ತು ಎಂದು ಇತ್ಯರ್ಥವಾಗುವ ತನಕ ಮತ್ತೆ ಸೇರಿಸಲಾಗದು. ಉಲಿಯ ಈ ಸಲದ ಆವೃತ್ತಿ ಅಂಕಿಗಳಿಲ್ಲದೆಯೇ ಬಿಡುಗಡೆಯಾಗುತ್ತದೆ. ನನ್ನ ಹುಡುಗರಿಗೆ ಹೇಳುವುದು ನನಗೆ ಕಷ್ಟವಾಗುತ್ತದೆ. ಆದರೆ ನಿಯಮ ನಿಯಮವೇ.’

ಯುಗಾದಿಯಿಂದ ದಸರೆಯವರೆಗಿನ ಕೆಲಸ ಒಂದು ಪತ್ರದಲ್ಲಿ ಹೋಯಿತು. ನೀಲಾಂಬಿಕಾ ಚೂಡಿದಾರದ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

ಮಾರನೆಯ ದಿನ ಇಬ್ಬರೂ ಮೈಸೂರು ರಸ್ತೆಯ ಬಸ್ಸು ಹಿಡಿದರು. ಕಂಪನಿಯ ಗಾಜಿನ ಕಟ್ಟಡ ಕೆಂಗೇರಿಗೆ ಸ್ವಲ್ಪ ಹಿಂದೆಯೇ ಇತ್ತು. ವರ್ಷಗಟ್ಟಲೆ ಸಲೀಸಾಗಿ ಒಳಗೆ ಹೋಗುತ್ತಿದ್ದ ಕೆಂಚಪ್ಪ ಇಂದು ಗೇಟಿನಲ್ಲಿ ಸಂದರ್ಶಕರ ಚೀಟಿ ಬರೆಸಿಕೊಂಡರು. ಸೆಕ್ಯುರಿಟಿಯವನು ‘ಯಾಕ್ ಸಾರ್’ ಅಂದ. ಅವರು ನಕ್ಕರು. ಆ ನಗು ನೋಡಲಾಗದೆ ನೀಲಾಂಬಿಕಾ ಬೇರೆ ಕಡೆ ತಿರುಗಿದಳು.

ಒಳಗೆ ಉದ್ದ ಮೇಜು. ಒಂದು ಕಡೆ ಕಂಪನಿಯ ಕಾನೂನು ವಿಭಾಗದ ಬಸವರಾಜೇಶ್ವರಿ ಮೇಡಮ್, ಪಕ್ಕದಲ್ಲಿ ಕೆಂಚಪ್ಪನವರ ಮ್ಯಾನೇಜರ್ ಗೌತಮ್. ಗೌತಮ್ ಅವರಿಗಿಂತ ಚಿಕ್ಕವನು, ಹಿಂದೆ ಅವರ ಕೈಕೆಳಗೇ ಕೆಲಸ ಕಲಿತವನು. ಆದ್ದರಿಂದ ಅವರ ಕಣ್ಣು ತಪ್ಪಿಸುತ್ತಿದ್ದ.

“ಈ ಕೋಡ್ ನೀವೇ ಬರೆದಿದ್ದು ಅಂತೀರ,” ಅಂದರು ಮೇಡಮ್ ನೀಲಾಂಬಿಕಾಳನ್ನು ನೋಡಿ. “ಅವ್ರು ಮನೇಲಿ ಹೇಳಿಕೊಟ್ಟು ನೀವು ಟೈಪ್ ಮಾಡಿರಬಹುದಲ್ವಾ? ನಾವು ಹೇಗೆ ನಂಬೋದು?”

ನೀಲಾಂಬಿಕಾ ರಾತ್ರಿಯೆಲ್ಲ ಯೋಚಿಸಿದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಕೊನೆಗೆ, “ಲಿಸ್ಟ್ ತೆಗೀರಿ ಮೇಡಮ್. ಯುಗಾದಿಯಿಂದ ನೋಡ್ರಿ,” ಎಂದಷ್ಟೇ ಹೇಳಿದಳು.

ಗೌತಮ್ ತನ್ನ ಲ್ಯಾಪ್‌ಟಾಪಿನಲ್ಲಿ ಉಲಿಯ ಹಳೆಯ ಪತ್ರಗಳನ್ನು ತೆಗೆದ. ನೀಲಾಂಬಿಕಾಳ ಮಾನ ಅಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಆ ಪತ್ರಗಳನ್ನು ಯಾರೂ ನೋಡದಿದ್ದರೆ ಸಾಕೆಂದು ಅವಳು ಎಷ್ಟು ದೇವರಿಗೆ ಕೈ ಮುಗಿದಿದ್ದಳೋ. ಗೌತಮ್ ಮಾಸ್ತರರ ಪತ್ರವೊಂದನ್ನು ಗಟ್ಟಿಯಾಗಿ ಓದಿದ: ‘ನಿಮ್ಮ ಪ್ಯಾಚ್ ಹನ್ನೊಂದನ್ನು ಹತ್ತೊಂದು ಎನ್ನುತ್ತಿದೆ. ನನ್ನ ಹುಡುಗರು ನಕ್ಕು ನಕ್ಕು ಬೆಂಚಿನಿಂದ ಬಿದ್ದರು.’ ಇನ್ನೊಂದು: ‘ಸೊನ್ನೆ ಕೊಟ್ಟರೆ ಉಲಿ ಉಸಿರೇ ನಿಲ್ಲಿಸುತ್ತದೆ. ಓಡಿಸಿ ನೋಡಿ ಕಳಿಸಿದಿರಾ?’ ಮತ್ತೊಂದು: ‘ಲಕ್ಷವನ್ನು ನೂರು ಸಾವಿರ ಎನ್ನುವ ಕನ್ನಡಿಗರನ್ನು ನಾನು ಈವರೆಗೆ ಕಂಡಿಲ್ಲ.’

“ಬ್ಯಾಂಕಿನ ಅಂಕಿ ಓದಿಸೋ ಕೆಲಸ ಸರ್‌ಗೆ ಇಷ್ಟು ವರ್ಷದಿಂದ ಗೊತ್ತೈತಿ,” ಎಂದಳು ನೀಲಾಂಬಿಕಾ. ಈಗ ಮಾತು ತಾನಾಗಿ ಬಂತು. “ಅವರು ಹೇಳಿಕೊಟ್ಟಿದ್ರ ನಾ ಹನ್ನೊಂದಕ್ಕ ಹತ್ತೊಂದು ಅಂತಿದ್ನೇನ್ರಿ?”

ಮೇಡಮ್ ನಗು ತಡೆಯಲು ತುಟಿ ಬಿಗಿಹಿಡಿದರು. ಗೌತಮ್ ಮಾತ್ರ ನಗದೆ ಒಂದೊಂದೇ ಪತ್ರ ಓದುತ್ತ ಹೋದ, ಆಮೇಲೆ ಕೋಡಿಗೇ ಇಳಿದ. ಗಡಿಯಾರದ ಮುಳ್ಳು ಎಷ್ಟು ಸರಿಯಿತೋ. ಕೊನೆಗೆ ತಲೆ ಎತ್ತಿದ. “ಮೇಡಮ್, ಇದು ನಮ್ದಲ್ಲ. ನೂರರ ತನಕ ಎಲ್ಲಾ ಪದಾನೂ ಕೂತು ಕೈಯಲ್ಲೇ ತುಂಬಿದಾರೆ. ನಮ್ಮಲ್ಲಿ ಈ ದಾರೀನೇ ಬೇರೆ. ಕೆನ್ ಸಾರ್ ಬರೆದಿದ್ರೆ ಹೀಗೆ ಬರೀತಿರ್ಲಿಲ್ಲ.”

ನೀಲಾಂಬಿಕಾ ಅಬ್ಬಾ ಎಂದು ಕೆಂಚಪ್ಪನವರ ಕಡೆ ನೋಡಿದಳು. ಅವರು ಇನ್ನೂ ಹಾಗೇ ಕೂತಿದ್ದರು.

ಮೇಡಮ್ ಒಂದು ಹಾಳೆ ಮುಂದೆ ಸರಿಸಿದರು. “ಒಳ್ಳೇದಾಯ್ತು. ನಿಮ್ಮ ಹೆಸರನ್ನ ನಿಮಗೆ ಗೊತ್ತಿಲ್ಲದ ಹಾಗೆ ಬಳಸಿದಾರೆ ಅಂತ ಇದೆ. ಸಹಿ ಹಾಕಿ, ಸೋಮವಾರದಿಂದ ಕೆಲಸಕ್ಕೆ ಬನ್ನಿ. ಈ ಹುಡುಗಿ ವಿಷಯ ಬೇಕಾದ್ರೆ ಆಮೇಲೆ ನೋಡೋಣ.”

ಹಾಕಿಬಿಡಿ ಎಂದು ನೀಲಾಂಬಿಕಾ ಕಣ್ಣಲ್ಲೇ ಬೇಡಿದಳು. ತನ್ನ ವಿಷಯ ಏನಾದರೂ ಆಗಲಿ. ಕೆಂಚಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಳೆಯನ್ನು ಓದಿದರು. ಮೊದಲಿನಿಂದ ಇನ್ನೊಮ್ಮೆ ಓದಿದರು. ಭಾನುವಾರ ಪ್ಯಾಚ್ ಓದುವುದೂ ಹೀಗೇ, ಯಾರು ಎಷ್ಟು ಅವಸರ ಮಾಡಿದರೂ. ಪೆನ್ನು ಕೈಗೆತ್ತಿಕೊಂಡರು.

“ಇದರಲ್ಲಿ ಒಂದು ಸಾಲು ಸುಳ್ಳಿದೆ ಮೇಡಮ್.”

“ಯಾವ್ದು?”

“ಗೊತ್ತಿಲ್ಲದ ಹಾಗೆ ಅನ್ನೋದು. ಹಾಕೋವಾಗ ಗೊತ್ತಿರ್ಲಿಲ್ಲ. ಹಾಕಿದ್ ದಿನಾನೇ ನೋಡ್ದೆ. ತೆಗೆಸ್ಲಿಲ್ಲ.”

“ಕೆನ್ ಸಾರ್,” ಅಂದ ಗೌತಮ್, ಅಂಗಲಾಚುವ ದನಿಯಲ್ಲಿ, “ಇದೊಂದು ಫಾರ್ಮಾಲಿಟಿ ಅಷ್ಟೇ.”

“ಸಹಿ ಫಾರ್ಮಾಲಿಟಿ ಅಲ್ಲ ಗೌತಮ್. ನಾನದನ್ನ ಈ ಹುಡುಗಿಗೆ ವಾರ ವಾರ ಹೇಳ್ಕೊಟ್ಟಿದೀನಿ. ಇವತ್ತು ಇವ್ಳ ಮುಂದೆನೇ ಸುಳ್ಳಿಗೆ ಸಹಿ ಹಾಕಿ, ಭಾನುವಾರ ಯಾವ ಮುಖ ಇಟ್ಕೊಂಡು ಓದಿಸ್ಲಿ?”

ಅವರಿಬ್ಬರನ್ನೂ ಹೊರಗೆ ಕೂರಿಸಿದರು. ಗಾಜಿನಾಚೆ ಮೇಡಮ್ ಫೋನಿನಲ್ಲಿ ಮಾತಾಡುವುದು, ಗೌತಮ್ ಕೈ ಆಡಿಸುವುದು ಕಾಣುತ್ತಿತ್ತು. ಒಂದು ಮಾತೂ ಕೇಳುತ್ತಿರಲಿಲ್ಲ. ನೀಲಾಂಬಿಕಾ ಒಳಗೊಳಗೇ ಅವರನ್ನು ಬೈದಳು. ಇದೆಂಥ ಹಠ? ಮನೆಯಲ್ಲಿ ಮುದುಕಿ ಇಲ್ಲವೇ? ಬೈದು ಮುಗಿದ ಮೇಲೆ, ಅವರು ಸಹಿ ಹಾಕಿದ್ದರೆ ತಾನು ಅವರನ್ನು ಇನ್ನು ಮುಂದೆ ಹೇಗೆ ನೋಡುತ್ತಿದ್ದೆ ಎಂದೂ ಅನ್ನಿಸಿತು. ಆ ಯೋಚನೆಯಿಂದ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಮತ್ತೆ ಕರೆದಾಗ ಬೇರೆ ಹಾಳೆ ಸಿದ್ಧವಾಗಿತ್ತು. ಕೋಡ್ ಕಂಪನಿಯದಲ್ಲ. ಹುಡುಗಿಯ ಮೇಲೆ ಏನೂ ಇಲ್ಲ. ಕೆಲಸ ಉಳಿಯುತ್ತದೆ. ಆದರೆ ಗೊತ್ತಿದ್ದೂ ಸುಮ್ಮನಿದ್ದುದಕ್ಕೆ, ಈ ಕಂಪನಿಯಲ್ಲಿ ಇರುವಷ್ಟು ಕಾಲ ಉಲಿಯ ಬಗ್ಗೆಯಾಗಲಿ ಅಂಥ ಬೇರೆ ಯಾವುದರ ಬಗ್ಗೆಯಾಗಲಿ ಕೆಂಚಪ್ಪ ಬರೆಯಕೂಡದು, ಮಾತಾಡಕೂಡದು, ಯಾರಿಗೂ ಕಲಿಸಕೂಡದು. ಒಪ್ಪದಿದ್ದರೆ ಇವತ್ತೇ ರಾಜೀನಾಮೆ.

ಭಾನುವಾರವನ್ನೇ ಕಿತ್ತುಕೊಂಡಂತಾಯಿತು. ಕೆಂಚಪ್ಪ ಅದನ್ನೂ ಎರಡು ಸಲ ಓದಿದರು. ಈ ಸಲ ಸುಳ್ಳಿನ ಸಾಲು ಸಿಗಲಿಲ್ಲ. ಸಹಿ ಹಾಕಿದರು.

ವಾಪಸು ಬರುವ ಬಸ್ಸು ಬಾಪೂಜಿ ನಗರದ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ನೀಲಾಂಬಿಕಾಳಿಗೆ ತಡೆಯಲಾಗಲಿಲ್ಲ. “ಯಾಕ ಒಪ್ಪಿದ್ರಿ ಸರ? ಬಿಟ್ಟು ಬಂದಿದ್ರ ಆಗತಿತ್ತು. ಬ್ಯಾರೆ ಕೆಲಸ ಸಿಗೋದಿಲ್ಲೇನು?”

“ನಲವತ್ತು ದಾಟಿದೋನಿಗೆ ಯಾರು ಕಾಯ್ತಾ ಕೂತಿರ್ತಾರೆ? ಮನೇಲಿ ಅವ್ವ ಇದಾಳೆ. ಆ ಹಳೇ ಕರಾರಿಗೂ ಸಹಿ ಹಾಕಿದ್ದು ನಾನೇ ತಾನೆ? ಉತ್ತರಾನೂ ನಾನೇ ಕೊಡ್ಬೇಕು.”

“ಹಂಗಾರ ಕ್ಲಾಸು?”

ಕೆಂಚಪ್ಪ ಉತ್ತರಿಸಲು ಬಾಯಿ ತೆರೆದು ಮುಚ್ಚಿಕೊಂಡರು. ಮಾತಾಡಕೂಡದು ಎಂದು ಸಹಿ ಹಾಕಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಇಳಿಯುವಾಗ ಮಾತ್ರ, ಬಸ್ಸಿನ ಬಾಗಿಲ ಕಂಬಿ ಹಿಡಿದು, ಸಂಬಂಧವೇ ಇಲ್ಲದವರ ಹಾಗೆ ಹೇಳಿದರು: “ಆ ಮನೆ ನಮ್ಮವ್ವನ ಹೆಸರಲ್ಲಿದೆ ಕಣಮ್ಮ. ಅವಳು ಯಾವ ಹಾಳೆಗೂ ಸಹಿ ಹಾಕಿಲ್ಲ.”

ಭಾನುವಾರ ಬೆಳಿಗ್ಗೆ ಹಾಲ್‌ನ ಬಾಗಿಲು ತೆರೆದೇ ಇತ್ತು. ಗಿರಣಿಯ ಸದ್ದು ಕೆಳಗಿನಿಂದ ನೆಲಕ್ಕೆ ತಾಗುತ್ತಿತ್ತು. ಸರ್ ಕೂರುತ್ತಿದ್ದ ಕುರ್ಚಿ ಕಾಣಲಿಲ್ಲ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಸ್ಪಂದನ ಮತ್ತು ಉಳಿದವರು ಬಂದು ನೀಲಾಂಬಿಕಾಳ ಮುಖ ನೋಡಿದರು. ಅವಳು ಗಂಟಲು ಸರಿಮಾಡಿಕೊಂಡು ಗೋಡೆಯ ಮುಂದೆ ನಿಂತಳು. ಅಷ್ಟು ವಾರ ಗಟ್ಟಿಯಾಗಿ ಓದಿದವಳ ದನಿ ಇಂದು ಏಳಲಿಲ್ಲ. ಮೆಲ್ಲಗೆ ಓದಿ ಮುಗಿಸಿದಳು.

ಆಮೇಲೆ ಎಲ್ಲರಿಗೂ ಕಾಣುವಂತೆ ತನ್ನ ಪ್ಯಾಚನ್ನು ತೆರೆದಳು. ಕೋಡ್ ಯಾರದೆಂದು ಇತ್ಯರ್ಥವಾದದ್ದನ್ನು ಯಲ್ಲಪ್ಪ ಮಾಸ್ತರರಿಗೆ ಬರೆದಾಗಿತ್ತು. ‘ಸರಿಯಾದ ಸಹಿಯೊಂದಿಗೆ ಮೊದಲಿನಿಂದ ಕಳಿಸಿ. ಬಿಡುಗಡೆಯನ್ನು ಒಂದು ವಾರ ಮುಂದೂಡಿದ್ದೇನೆ. ನನ್ನ ಹುಡುಗರು ಕಾಯುತ್ತಾರಂತೆ’ ಎಂದು ಅವರ ಉತ್ತರವೂ ಬಂದಿತ್ತು. ಸಹಿಯ ಸಾಲಿಗೆ ಬಂದಾಗ ಬೆರಳುಗಳು ಹಳೆಯ ಅಭ್ಯಾಸದಿಂದ ‘ಕೆ’ ಹುಡುಕಿಕೊಂಡು ಹೋದವು. ನಿಲ್ಲಿಸಿದಳು. ಮೇಲೆ ಯಾರ ಹೆಸರೂ ಇಲ್ಲದ ತನ್ನ ಒಂದೇ ಹೆಸರು ಬೋಳು ಬೋಳಾಗಿ, ಅಹಂಕಾರದ ಹಾಗೆ ಕಂಡಿತು. ಅದನ್ನೇ ಬರೆದು ಕಳಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಯಾರಿಗೂ ಕಾಣದಂತೆ ಒರೆಸಿಕೊಳ್ಳಲು ಜಾಗವಿರಲಿಲ್ಲ.

ಬೋರಮ್ಮ ಒಳಕೋಣೆಗೆ ಒಂದು ಲೋಟ ಕಾಫಿ ಕೊಟ್ಟು, ಬಾಗಿಲು ಎಳೆದುಕೊಂಡು, ತಟ್ಟೆ ಹಿಡಿದು ಹಾಲ್‌ಗೆ ಬಂದರು. ಎಲ್ಲರಿಗೂ ಕೊಟ್ಟು ಕೊನೆಗೆ ನೀಲಾಂಬಿಕಾಳ ಹತ್ತಿರ ಬಗ್ಗಿದರು.

“ನನ್ ಕೂಡೆ ಅವ್ನೇನೂ ಹೇಳಿಲ್ಲ ಕಣವ್ವ,” ಅಂದರು. “ಕುರ್ಚಿ ಎಳ್ಕೊಂಡೋಗಿ ಬಾಗ್ಲಿಗೇ ಅಂಟ್ಕೊಂಡು ಕೂತವ್ನೆ. ಕೇಳಬಾರ್ದು ಅಂತ ಆ ಕಾಗದದಾಗೆ ಬರ್ದಿಲ್ವಂತಲ್ಲ? ನೀನೊಸಿ ಜೋರಾಗಿ ಓದು.”

ನೀಲಾಂಬಿಕಾ ಎದ್ದಳು. ಮೇಜಿನ ಮೇಲಿನ ಸ್ಪೀಕರನ್ನು ಒಳಕೋಣೆಯ ಬಾಗಿಲಿನ ಕಡೆಗೆ ತಿರುಗಿಸಿ, ದನಿಯ ಗುಂಡಿಯನ್ನು ಕೊನೆಯ ತನಕ ತಿರುವಿ, ಉಲಿಗೆ ಒಂದು ಅಂಕಿ ಕೊಟ್ಟಳು. ಗಿರಣಿಯ ಸದ್ದಿನ ಮೇಲೆ ಅದು ಹನ್ನೊಂದು ಎಂದಿತು.